ಮಹಾನಗರವೂ ತರುಣರ ಮನಸ್ಸೂ

“ಕೆಟ್ಟು ಪಟ್ಟಣ ಸೇರು” ಎಂಬುದು ನಮ್ಮ ಹಿರಿಯರ ಗಾದೆ. ಊರಿನಲ್ಲಿ ಬೆಳೆ ಹೋಗಿ, ಸಾಲ ಏರಿ, ನಾಲ್ಕು ಜನರೆದುರು ತಲೆಯೆತ್ತಲಾರದ ಸ್ಥಿತಿ ಒದಗಿದಾಗ ಮನುಷ್ಯನಿಗೆ ಉಳಿಯುವ ದಾರಿ ಪಟ್ಟಣದ್ದು. ಅಲ್ಲಿ ಯಾರೂ ಯಾರ ಕುಲ ಗೋತ್ರಗಳನ್ನೂ ಬಲ್ಲವರಲ್ಲ. ಆದುದರಿಂದ ಕೆಟ್ಟವನೂ ಅಲ್ಲಿ ಹೊಸದಾಗಿ ಬಾಳು ಕಟ್ಟಬಹುದು. ಗಾದೆಯ ಆಶಯ ಇಷ್ಟು. ಪಟ್ಟಣ ಸೇರಿದ ಮೇಲೆ ಆ ಮನುಷ್ಯನ ಮನಸ್ಸು ಏನಾಯಿತು ಎಂಬುದನ್ನು ಗಾದೆ ಹೇಳುವುದಿಲ್ಲ. ಹೇಳುವ ಅವಶ್ಯಕತೆ ಆ ಕಾಲಕ್ಕೆ ಇರಲಿಲ್ಲವೆಂದೂ ತೋರುತ್ತದೆ. ಏಕೆಂದರೆ ಪಟ್ಟಣ ಸೇರುವವರು ಕೆಲವರು, ಊರಿನಲ್ಲಿ ಉಳಿಯುವವರು ಬಹು ಮಂದಿ.

ಇಂದು ಗಾದೆ ತಲೆಕೆಳಗಾಗಿದೆ. ಕೆಟ್ಟವರಿಗಿಂತ ಹೆಚ್ಚಾಗಿ ಚೆನ್ನಾಗಿ ಓದಿದವರೇ ಪಟ್ಟಣ ಸೇರುತ್ತಿದ್ದಾರೆ. ಕಾಸರಗೋಡಿನ ಹುಡುಗಿ, ಹೊಸೂರಿನ ಹುಡುಗ, ಅಕ್ಕಲಕೋಟೆಯ ರೈತನ ಮಗ, ಆದವಾನಿಯ ಹತ್ತಿ ಗಿರಣಿ ಕೆಲಸಗಾರನ ಮಗಳು—ಇವರೆಲ್ಲ ಹದಿನೇಳು ಹದಿನೆಂಟನೆಯ ವಯಸ್ಸಿಗೇ ಬೆಂಗಳೂರು, ಪುಣೆ, ಹೈದರಾಬಾದು, ಚೆನ್ನೈ, ಮುಂಬಯಿಗಳಿಗೆ ಹೊರಡುತ್ತಾರೆ. ತಂದೆತಾಯಿಗಳಿಗೆ ಅದು ಹೆಮ್ಮೆಯ ದಿನ. ಹೀಗೆ ಹೊರಟವರಲ್ಲಿ ಕೆಲವರು ವರ್ಷ ತುಂಬುವುದರೊಳಗೆ ನಿದ್ರೆ ಕಳೆದುಕೊಂಡು, ಊಟ ಬಿಟ್ಟು, ಮಾತು ಕಡಿಮೆ ಮಾಡಿ, ಏನೆಂದು ಹೇಳಲಾರದ ಒಂದು ಸಂಕಟದಿಂದ ನವೆಯುತ್ತಾರೆ. ಈ ಸಂಕಟಕ್ಕೂ ಒಂದು ಚರಿತ್ರೆಯುಂಟು. ಅದನ್ನು ಸಂಗ್ರಹವಾಗಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೧

ನಗರಜೀವನ ಮನಸ್ಸಿಗೆ ಆಯಾಸ ತರುತ್ತದೆಂಬ ಮಾತು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಯುರೋಪು ಅಮೆರಿಕಗಳ ಊರುಗಳು ಹಠಾತ್ತನೆ ಬೆಳೆದಾಗ, ಬಲವಾಗಿ ಕೇಳಿಬಂದಿತು. ಅಮೆರಿಕದ ವೈದ್ಯ ಜಾರ್ಜ್ ಬಿಯರ್ಡ್ 1869ರಲ್ಲಿ ‘ನರದೌರ್ಬಲ್ಯ’ವೆಂಬ ರೋಗವನ್ನು ವರ್ಣಿಸಿ, 1881ರ ತನ್ನ ಗ್ರಂಥದಲ್ಲಿ ಅದರ ಕಾರಣಗಳನ್ನು ಎಣಿಸಿದನು: ಉಗಿಯಂತ್ರ, ತಂತಿ, ವೃತ್ತಪತ್ರಿಕೆ, ವಿಜ್ಞಾನ, ಇವುಗಳ ಜೊತೆಗೆ ಸ್ತ್ರೀಯರ ಬೌದ್ಧಿಕ ವ್ಯವಸಾಯ! ಕೊನೆಯದನ್ನು ಓದಿದಾಗ ನಗು ಬರುತ್ತದೆ. ಆದರೆ ಅದರಲ್ಲಿ ಒಂದು ಪಾಠವೂ ಇದೆ. ಪ್ರತಿಯೊಂದು ತಲೆಮಾರೂ ತನ್ನ ಕಾಲದ ಹೊಸ ಯಂತ್ರವನ್ನೇ ಮನೋವ್ಯಾಧಿಯ ಮೂಲವೆಂದು ತೀರ್ಮಾನಿಸುತ್ತ ಬಂದಿದೆ. ಆಗ ತಂತಿ, ಈಗ ಕೈಯೊಳಗಿನ ದೂರವಾಣಿ. ಯಂತ್ರದ ಪಾಲು ಇಲ್ಲವೆಂದಲ್ಲ. ಅದನ್ನೊಂದನ್ನೇ ಹಿಡಿದು ದೂರಿದರೆ ವಿಚಾರ ಅಲ್ಲಿಗೇ ನಿಂತುಹೋಗುತ್ತದೆ.

ವಿಚಾರವನ್ನು ಮುಂದೆ ಒಯ್ದವನು ಫ್ರಾನ್ಸಿನ ಎಮೀಲ್ ದುರ್ಖೈಮ್. 1897ರಲ್ಲಿ ಪ್ರಕಟವಾದ, ಆತ್ಮಹತ್ಯೆಯನ್ನು ಕುರಿತ ಅವನ ಗ್ರಂಥ ಸಮಾಜಶಾಸ್ತ್ರದ ಮೂಲಗ್ರಂಥಗಳಲ್ಲಿ ಒಂದು. ಒಬ್ಬೊಬ್ಬ ದುಃಖಿಯ ಕಥೆಯನ್ನು ಬಿಟ್ಟು, ದೇಶದೇಶಗಳ ಅಂಕಿ ಅಂಶಗಳನ್ನು ಮುಂದಿಟ್ಟುಕೊಂಡು, ಕುಟುಂಬ, ಮತ, ವೃತ್ತಿ ಮೊದಲಾದ ಬಂಧನಗಳು ಎಲ್ಲಿ ಸಡಿಲವೋ ಅಲ್ಲಿ ಈ ದುರಂತ ಹೆಚ್ಚೆಂದು ಅವನು ತೋರಿಸಿದನು. ದಾರಿದ್ರ್ಯ ಬಂದಾಗ ಮಾತ್ರವಲ್ಲ, ಹಠಾತ್ತಾಗಿ ಐಶ್ವರ್ಯ ಬಂದಾಗಲೂ ಮನುಷ್ಯ ದಿಕ್ಕು ತಪ್ಪುತ್ತಾನೆ; ಏಕೆಂದರೆ ಎರಡರಲ್ಲಿಯೂ ಹಳೆಯ ಅಳತೆಗೋಲು ಮುರಿದುಹೋಗಿ ಹೊಸದು ಇನ್ನೂ ಕೈಗೆ ಬಂದಿರುವುದಿಲ್ಲ. ಊರು ಬಿಟ್ಟ ತರುಣನ ಸ್ಥಿತಿಗೆ ಈ ಮಾತು ಎಷ್ಟು ಚೆನ್ನಾಗಿ ಒಪ್ಪುತ್ತದೆಂಬುದನ್ನು ವಾಚಕರೇ ಊಹಿಸಬಹುದು.

ಇನ್ನು ಬರ್ಲಿನಿನ ಗಿಯೋರ್ಗ್ ಸಿಮ್ಮೆಲ್. ತನ್ನ ಕಣ್ಣೆದುರಿನಲ್ಲಿಯೇ ಆ ನಗರ ಹತ್ತೊಂಬತ್ತು ಲಕ್ಷ ಜನರ ಬೀಡಾದುದನ್ನು ಕಂಡ ಈತ 1903ರಲ್ಲಿ, ಮಹಾನಗರವೂ ಮಾನಸಿಕ ಜೀವನವೂ ಎಂಬ ವಿಷಯವನ್ನು ಕುರಿತು ಒಂದು ಪ್ರಬಂಧ ಬರೆದನು. ದಿನಕ್ಕೆ ಸಾವಿರ ಮುಖಗಳನ್ನು ನೋಡುವವನು ಪ್ರತಿಯೊಂದು ಮುಖಕ್ಕೂ ಮನಸ್ಸು ಕೊಡಲಾರನು. ಆದುದರಿಂದ ನಗರವಾಸಿ ತನ್ನ ಸುತ್ತ ಉದಾಸೀನತೆಯ ಒಂದು ಚಿಪ್ಪನ್ನು ಬೆಳೆಸಿಕೊಳ್ಳುತ್ತಾನೆಂದು ಅವನ ವಾದ. ಆದರೆ ಸಿಮ್ಮೆಲ್ ನಗರವನ್ನು ಹಳಿದವನಲ್ಲ. ಚಿಕ್ಕ ಊರಿನ ಕಣ್ಗಾವಲು, ಆಡಿಕೊಳ್ಳುವ ಬಾಯಿಗಳು ಇವುಗಳಿಂದ ಮನುಷ್ಯನಿಗೆ ಬಿಡುಗಡೆ ಸಿಕ್ಕುವುದೂ ನಗರದಲ್ಲಿಯೇ ಎಂದು ಒತ್ತಿ ಹೇಳಿದನು. ಈ ಸ್ವಾತಂತ್ರ್ಯವೂ ಆ ಏಕಾಂತವೂ ಒಂದೇ ನಾಣ್ಯದ ಎರಡು ಮುಖಗಳು. ನಮ್ಮ ದೇಶದಲ್ಲಿ ಇದರ ಮೊದಲ ಮುಖವನ್ನು ಡಾಕ್ಟರ್ ಅಂಬೇಡ್ಕರ್ ಅವರಷ್ಟು ಸ್ಪಷ್ಟವಾಗಿ ಕಂಡವರು ವಿರಳ. 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಅವರು ಗ್ರಾಮವನ್ನು ಸಂಕುಚಿತತೆಯ, ಅಜ್ಞಾನದ, ಜಾತಿಭಾವದ ಆಗರವೆಂದು ಖಂಡಿಸಿದರು. ಊರಿನ ಹೊರಗೆ ಬಾಳಬೇಕಾದವನಿಗೆ ಊರಿನ ಒಗ್ಗಟ್ಟು ಹೇಗೆ ತಾನೆ ಸವಿಯಾದೀತು? ಈ ಸತ್ಯವನ್ನು ಮರೆತು ಹಳ್ಳಿಯೆಲ್ಲ ಸ್ವರ್ಗ, ಪಟ್ಟಣವೆಲ್ಲ ನರಕವೆಂದು ಬರೆಯುವುದು ನ್ಯಾಯವಲ್ಲ.

ಅದೇ 1903ರಲ್ಲಿ ಜಪಾನಿನಲ್ಲಿ ಒಂದು ಘಟನೆ ನಡೆಯಿತು. ತೋಕಿಯೋ ನಗರದ ಪ್ರಥಮ ಉಚ್ಚಶಾಲೆಯಲ್ಲಿ ಓದುತ್ತಿದ್ದ ಫುಜಿಮುರಾ ಮಿಸಾವೋ ಎಂಬ ಹದಿಹರೆಯದ ವಿದ್ಯಾರ್ಥಿ, ಬಾಳಿನ ಅರ್ಥ ತಿಳಿಯದೆಂದು ಬರೆದಿಟ್ಟು ಪ್ರಾಣ ಬಿಟ್ಟನು. ಪತ್ರಿಕೆಗಳು ಅದನ್ನು ಕಾವ್ಯದಂತೆ ವರ್ಣಿಸಿದವು, ಅನುಕರಿಸಿದವರು ಹಲವರಾದರು. ‘ಬೇಗುದಿಯ ತರುಣರು’ ಎಂಬ ಮಾತೇ ಆ ಕಾಲದ ಜಪಾನಿನಲ್ಲಿ ಬಳಕೆಗೆ ಬಂದಿತು. ಇಂಥ ಸುದ್ದಿಯನ್ನು ಅಲಂಕರಿಸಿ ಬರೆಯಬಾರದೆಂದು ಇಂದು ವೈದ್ಯರು ಹೇಳುವುದು ಇಂತಹ ಅನುಭವಗಳ ಫಲ. 1910ರಲ್ಲಿ ವಿಯೆನ್ನಾ ನಗರದ ಮನೋವಿಶ್ಲೇಷಣ ಸಂಘ ವಿದ್ಯಾರ್ಥಿಗಳ ಆತ್ಮಹತ್ಯೆಯನ್ನೇ ವಿಷಯವಾಗಿಟ್ಟುಕೊಂಡು ಚರ್ಚೆ ನಡೆಸಿತು. ಫ್ರಾಯ್ಡ್ ಮಹಾಶಯನ ಅಭಿಪ್ರಾಯವಿದು: ಶಾಲೆ ಮಕ್ಕಳನ್ನು ಸಾವಿನತ್ತ ದೂಡದಿದ್ದರೆ ಸಾಲದು, ಬದುಕಬೇಕೆಂಬ ಆಸೆಯನ್ನು ಅವರಲ್ಲಿ ಹುಟ್ಟಿಸಬೇಕು. ಶತಮಾನಕ್ಕೂ ಹಿಂದಿನ ಈ ಮಾತು ಇಂದಿನ ನಮ್ಮ ತರಬೇತಿ ಶಾಲೆಗಳ ಬಾಗಿಲ ಮೇಲೆ ಬರೆದಿಡತಕ್ಕದ್ದು.

೨

ನಗರ ಮನಸ್ಸನ್ನು ಕೆಡಿಸುತ್ತದೆಯೆ, ಅಥವಾ ಮನಸ್ಸು ಕೆಟ್ಟವರು ನಗರಕ್ಕೆ ಬಂದು ಸೇರುತ್ತಾರೆಯೆ? ನಮ್ಮ ಗಾದೆಯೇ ಎತ್ತುವ ಪ್ರಶ್ನೆಯಿದು. ವಿದ್ವಾಂಸರು ಇದನ್ನು ಕುರಿತು ಬಹುಕಾಲ ಕಾದಾಡಿದರು. 1939ರಲ್ಲಿ ಫಾರಿಸ್ ಮತ್ತು ಡನ್‌ಹ್ಯಾಂ ಎಂಬ ಇಬ್ಬರು ಶಿಕಾಗೋ ನಗರದ ಸುಮಾರು 35,000 ಮನೋರೋಗಿಗಳ ವಿಳಾಸಗಳನ್ನು ನಕ್ಷೆಯ ಮೇಲೆ ಗುರುತಿಸಿ ನೋಡಿದರು. ಚಿತ್ತವಿಕಲತೆಯೆಂಬ ಗಂಭೀರ ವ್ಯಾಧಿ ನಗರದ ನಡುಭಾಗದಲ್ಲಿ, ಬಾಡಿಗೆ ಕೋಣೆಗಳ ಬಡಾವಣೆಗಳಲ್ಲಿ, ಒತ್ತಾಗಿ ಕಂಡಿತು. ಹೊರಗಿನ ಮನೆವಂತರ ಬಡಾವಣೆಗಳ ಕಡೆಗೆ ಸಾಗಿದಂತೆ ವಿರಳವಾಯಿತು. ಒಂಟಿತನವೇ ಕಾರಣವೆಂದರು ಒಂದು ಪಕ್ಷದವರು. ರೋಗ ತಗುಲಿದವನು ಕೆಲಸ ಕಳೆದುಕೊಂಡು ಅಗ್ಗದ ಕೋಣೆಗೆ ಜಾರಿ ಬಂದಿರಬಹುದಲ್ಲವೆ ಎಂದರು ಇನ್ನೊಂದು ಪಕ್ಷದವರು.

ತೀರ್ಪಿಗೆ ಅರ್ಧ ಶತಮಾನಕ್ಕೂ ಮಿಕ್ಕಿ ಕಾಯಬೇಕಾಯಿತು. 2001ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನವೊಂದು, ಬಾಲ್ಯದಲ್ಲಿ ನಗರವಾಸದ ವರ್ಷಗಳು ಹೆಚ್ಚಿದಂತೆ ಮುಂದೆ ಆ ವ್ಯಾಧಿ ಬರುವ ಸಂಭವವೂ ಹೆಚ್ಚುತ್ತದೆಂದು ತೋರಿಸಿತು. ರೋಗ ಬರುವ ಮೊದಲೇ ನಗರದಲ್ಲಿದ್ದವರ ಲೆಕ್ಕವಾದ್ದರಿಂದ ಜಾರಿ ಬಂದರೆಂಬ ವಾದ ಇಲ್ಲಿ ಪೂರ್ತಿಯಾಗಿ ನಿಲ್ಲದು. 2011ರಲ್ಲಿ ಜರ್ಮನಿಯ ಮಾನ್‌ಹೈಂ ನಗರದ ಸಂಶೋಧಕರು, ಪರೀಕ್ಷೆಯ ಒತ್ತಡಕ್ಕೆ ಒಳಪಡಿಸಿದಾಗ ನಗರವಾಸಿಗಳ ಮೆದುಳಿನಲ್ಲಿ ಭಯಕ್ಕೆ ಸಂಬಂಧಿಸಿದ ಭಾಗ ಹಳ್ಳಿಯವರದಕ್ಕಿಂತ ಹೆಚ್ಚು ಚುರುಕಾಗುವುದನ್ನು ಕಂಡರು. ಇವೆಲ್ಲ ಐರೋಪ್ಯ ನಗರಗಳ ಮಾತು. ನಮ್ಮ ಊರುಗಳಿಗೆ ಹಾಗೆಹಾಗೆಯೇ ಅನ್ವಯಿಸಲಾಗದು. ಮೇಲಾಗಿ ಚಿತ್ತವಿಕಲತೆ ಬೇರೆ, ತರುಣರ ಖಿನ್ನತೆ ಆತಂಕಗಳು ಬೇರೆ. ಅಂತೂ ನಗರವೆಂಬುದು ಮನಸ್ಸಿನ ಮೇಲೆ ಒಂದು ಭಾರವನ್ನು ಹೊರಿಸುತ್ತದೆ, ಆ ಭಾರ ಎಲ್ಲರ ಮೇಲೂ ಸಮನಾಗಿ ಬೀಳದೆ ಒಂಟಿಯಾದವರ ಮೇಲೆ ಅಧಿಕವಾಗಿ ಬೀಳುತ್ತದೆ ಎಂಬಷ್ಟನ್ನು ಒಪ್ಪಬಹುದು.

೩

ಈಗ ನಮ್ಮ ನಾಡಿನ ಕಡೆ ತಿರುಗೋಣ. ಓದಿಗಾಗಿ ಊರು ಬಿಡುವ ಪದ್ಧತಿ ನಮ್ಮಲ್ಲಿ ಹೊಸದಲ್ಲ. ಮೈಸೂರು, ಬೆಂಗಳೂರು, ಧಾರವಾಡಗಳಿಗೆ ಹಳ್ಳಿಯ ಬಡ ಹುಡುಗರು ಹೋಗಿ ಓದಿದ ಕಾಲದಲ್ಲಿ ‘ವಾರಾನ್ನ’ವೆಂಬ ಏರ್ಪಾಡಿತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಹೀಗೆ ವಾರದ ಏಳು ದಿನಕ್ಕೆ ಏಳು ಮನೆಗಳಲ್ಲಿ ಊಟ. ಈ ಶತಮಾನದ ಮಕ್ಕಳಿಗೆ ಇದು ಕಥೆಯಂತೆ ಕೇಳಿಸೀತು. ವಾರಾನ್ನದಲ್ಲಿ ಕಹಿಯೂ ಇತ್ತು. ಪರರ ಮನೆಯ ಜಗುಲಿಯ ಮೇಲೆ ಎಲೆಗಾಗಿ ಕಾದು ಕುಳಿತ ಹುಡುಗನಿಗೆ ಆದ ಅಪಮಾನಗಳನ್ನು ಹಲವು ಆತ್ಮಕಥೆಗಳು ದಾಖಲಿಸಿವೆ. ಅದಕ್ಕಿಂತ ದೊಡ್ಡ ದೋಷ, ಆ ಬಾಗಿಲು ಎಲ್ಲರಿಗೂ ತೆರೆದುದಲ್ಲ. ಜಾತಿಯೇ ಅದರ ಹೊಸ್ತಿಲು. ಆದರೂ ಅದರಲ್ಲಿ ಒಂದು ಗುಣವಿತ್ತು. ಗುರುವಾರದ ಹುಡುಗ ಒಂದು ಗುರುವಾರ ಬಾರದಿದ್ದರೆ, ಏಕೆ ಬರಲಿಲ್ಲವೆಂದು ಕೇಳುವ ಒಬ್ಬ ತಾಯಿ ಆ ಮನೆಯಲ್ಲಿರುತ್ತಿದ್ದಳು. ಜ್ವರವೋ, ದುಃಖವೋ, ಪರೀಕ್ಷೆ ತಪ್ಪಿತೋ—ಮರುದಿನವಾದರೂ ಹೊರಬೀಳುತ್ತಿತ್ತು.

ಬಾಗಿಲು ಎಲ್ಲರಿಗೂ ತೆರೆದಿರಬೇಕೆಂಬ ಪ್ರಯತ್ನವೂ ಅದೇ ಕಾಲದಲ್ಲಿ ಮೊದಲಾಯಿತು. ಕೊಲ್ಲಾಪುರದ ಶಾಹು ಮಹಾರಾಜರು 1901ರಿಂದ ಮೊದಲುಗೊಂಡು ಮರಾಠರು, ಜೈನರು, ಲಿಂಗಾಯತರು, ಮುಸಲ್ಮಾನರು, ಅಸ್ಪೃಶ್ಯರೆನಿಸಿಕೊಂಡವರು—ಹೀಗೆ ಒಂದೊಂದು ಸಮುದಾಯದ ಹುಡುಗರಿಗೂ ವಿದ್ಯಾರ್ಥಿನಿಲಯಗಳನ್ನು ಏರ್ಪಡಿಸಿಕೊಟ್ಟರು. ಜತ್ತ, ಅಕ್ಕಲಕೋಟೆಗಳ ಕಡೆಯ ವಾಚಕರಿಗೆ ಇದು ನೆರೆಹೊರೆಯ ಚರಿತ್ರೆ. ಮೈಸೂರು ಸೀಮೆಯಲ್ಲಿಯೂ ಮಠಗಳು, ಸಮುದಾಯಗಳ ಸಂಘಗಳು, ಸರ್ಕಾರ ನಿಲಯಗಳನ್ನು ಕಟ್ಟಿದವು. ಮುಂಬಯಿಯಲ್ಲಿ ಇದಕ್ಕೆ ಬೇರೊಂದು ರೂಪ ಬಂದಿತು. ದಕ್ಷಿಣ ಕನ್ನಡದಿಂದ ಹೋಟೆಲು ಕೆಲಸಕ್ಕೆಂದು ಹೋದ ಹುಡುಗರು ಹಗಲು ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಗಳಲ್ಲಿ ಅಕ್ಷರ ಕಲಿತರು. ಆ ರಾತ್ರಿಶಾಲೆ ವಿದ್ಯೆಯ ಮನೆ ಮಾತ್ರವಾಗಿರಲಿಲ್ಲ. ಊರಿನ ಸುದ್ದಿ ಸಿಕ್ಕುವ ಸ್ಥಳ, ಅಳುವುದಕ್ಕೂ ನಗುವುದಕ್ಕೂ ಒದಗಿದ ಸ್ಥಳ. ಮುಂದೆ ಅದೇ ಮಹಾನಗರದ ಮೇಲುವರ್ಗದ ಕಚೇರಿಗಳಲ್ಲಿ ದುಡಿಯುವ ಕನ್ನಡಿಗನ ಒಂಟಿತನವನ್ನೂ ಭಯವನ್ನೂ ಯಶವಂತ ಚಿತ್ತಾಲರು 1979ರಲ್ಲಿ ‘ಶಿಕಾರಿ’ಯಲ್ಲಿ ಚಿತ್ರಿಸಿದರು. ರಾತ್ರಿಶಾಲೆಯ ಹುಡುಗನಿಗಿದ್ದ ಜೊತೆ ಆ ಕಥಾನಾಯಕನಿಗಿರಲಿಲ್ಲ ಎಂಬುದು ಗಮನಿಸತಕ್ಕ ವಿಷಯ.

೪

ಮನಸ್ಸಿನ ಶುಶ್ರೂಷೆಯ ಚರಿತ್ರೆ ಇದರಿಂದ ದೂರವಾಗಿ ಬೇರೆ ದಾರಿಯಲ್ಲಿ ಸಾಗಿತು. ಬೆಂಗಳೂರಿನಲ್ಲಿ 1847ರ ಸುಮಾರಿಗೆ ಸ್ಥಾಪಿತವಾದುದು ಜನರ ಬಾಯಲ್ಲಿ ‘ಹುಚ್ಚಾಸ್ಪತ್ರೆ’. ಹೆಸರಿಗೆ ತಕ್ಕಂತೆ ಅದು ರೋಗಿಗಳನ್ನು ಊರಿನಿಂದ ಬೇರ್ಪಡಿಸಿ ಇಡುವ ಆವರಣ. 1925ರಲ್ಲಿ ಅದಕ್ಕೆ ಮಾನಸಿಕ ಆಸ್ಪತ್ರೆಯೆಂಬ ಗೌರವದ ಹೆಸರು ಬಂದಿತು. ಡಾಕ್ಟರ್ ಫ್ರಾಂಕ್ ನರೋನ್ಹಾ ಅವರ ಶ್ರಮ, ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಬೆಂಬಲ, ಇವುಗಳಿಂದ 1930ರ ದಶಕದ ಉತ್ತರಾರ್ಧದಲ್ಲಿ ಲಕ್ಕಸಂದ್ರದ ವಿಶಾಲವಾದ ಆವರಣಕ್ಕೆ ಅದು ಬದಲಾಯಿಸಿತು. ಹೊಸೂರು ರಸ್ತೆಯ ಪಕ್ಕದಲ್ಲಿರುವ ಆ ಕಲ್ಲುಕಟ್ಟಡವನ್ನು ನಮ್ಮ ಕಡೆಯಿಂದ ಬೆಂಗಳೂರಿಗೆ ಹೋಗಿಬರುವವರೆಲ್ಲ ಕಂಡೇ ಇರುತ್ತಾರೆ. ಅನಂತರ ಬಂದ ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಯವರು, 1954ರಲ್ಲಿ ಅಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾದಾಗ ಅದರ ಪ್ರಥಮ ನಿರ್ದೇಶಕರಾದರು. 1974ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದುಗೂಡಿ ‘ನಿಮ್ಹಾನ್ಸ್’ ಆಯಿತು. ಆ ಹೆಸರು ಈಗ ದಕ್ಷಿಣ ಭಾರತದ ಹಳ್ಳಿಹಳ್ಳಿಗೂ ಗೊತ್ತು.

ಸಂಸ್ಥೆ ಹುಟ್ಟಿದ ಕಾಲದ ಕೊರತೆಯನ್ನು ನೆನೆಯಬೇಕು. 1946ರ ಭೋರ್ ಸಮಿತಿಯ ವರದಿಯಂತೆ, ಅವಿಭಜಿತ ಭಾರತದ 40 ಕೋಟಿ ಜನಕ್ಕೆ ಮಾನಸಿಕ ಆಸ್ಪತ್ರೆಗಳಲ್ಲಿದ್ದ ಹಾಸಿಗೆಗಳು ಸುಮಾರು 10,000. ಅಂದರೆ 40,000 ಜನಕ್ಕೆ ಒಂದು. ಇಂಥ ದೇಶದಲ್ಲಿ ಹಾಸಿಗೆಗಳನ್ನು ಹೆಚ್ಚಿಸಿಯೇ ಕಷ್ಟವನ್ನು ದಾಟುವುದು ಅಸಾಧ್ಯವೆಂದು ದೂರದರ್ಶಿಗಳಿಗೆ ಹೊಳೆಯಿತು. ಅಮೃತಸರದ ಡಾಕ್ಟರ್ ವಿದ್ಯಾಸಾಗರರು 1950ರ ದಶಕದಲ್ಲಿ ಆಸ್ಪತ್ರೆಯ ಬಯಲಿನಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಯ ಜೊತೆ ಮನೆಯವರೂ ಇರುವಂತೆ ಮಾಡಿದರು. ಗುಣವಾಗಿ ಮನೆಗೆ ಮರಳಿದವನನ್ನು ಮನೆಯವರು ಅರಿತು ನಡೆಸಿಕೊಳ್ಳುವಂತಾಯಿತು. ಇಷ್ಟು ಸರಳವಾದುದು ಎಂಥ ದೊಡ್ಡ ಶೋಧ!

ಮುಂದಿನ ಹೆಜ್ಜೆ ನಮ್ಮ ಗಡಿಗೆ ಬಹಳ ಹತ್ತಿರದ್ದು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಘೋಷಿತವಾದ ಮೇಲೆ, ನಿಮ್ಹಾನ್ಸ್‌ನ ವೈದ್ಯರು ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೂ ಕಾರ್ಯಕರ್ತರಿಗೂ ಮನೋವ್ಯಾಧಿಗಳನ್ನು ಗುರುತಿಸುವ, ಔಷಧ ಕೊಡುವ ಶಿಕ್ಷಣವನ್ನಿತ್ತರು. 1980ರ ದಶಕದ ಈ ಪ್ರಯೋಗವೇ ‘ಬಳ್ಳಾರಿ ಮಾದರಿ’ಯೆಂದು ಹೆಸರಾಗಿ, 1996ರಿಂದ ದೇಶದ ಇತರ ಜಿಲ್ಲೆಗಳಿಗೆ ಹಬ್ಬಿತು. 1953ರವರೆಗೆ ಆದವಾನಿ, ಆಲೂರು, ರಾಯದುರ್ಗಗಳು ಇದೇ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳು. ಗಡಿಗೆರೆ ಬಿದ್ದುದರಿಂದ ಆ ಮೊದಲ ಬೆಳಕು ಅವುಗಳ ಅಂಚಿಗೆ ಬಂದು ನಿಂತಿತು.

ಈ ಎಲ್ಲ ಶ್ರಮದಲ್ಲಿ ಒಂದು ಅಂಶ ತಡವಾಗಿ ಗಮನಕ್ಕೆ ಬಂದಿತು. ಆಸ್ಪತ್ರೆಯ ಬಾಗಿಲಿಗೆ ಬರುವವರು ರೋಗ ಬಲಿತವರು. ತರಗತಿಯ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತು ಕರಗುವ ತರುಣ ಅಲ್ಲಿಗೆ ಬರುವುದಿಲ್ಲ. ಅವನಿಗೆ ತಾನು ರೋಗಿಯೆಂದು ತಿಳಿಯದು. ತಿಳಿದರೂ ‘ಹುಚ್ಚಾಸ್ಪತ್ರೆ’ಯೆಂಬ ಹಳೆಯ ಹೆಸರು ಅವನ ಕಾಲು ಹಿಡಿದು ನಿಲ್ಲಿಸುತ್ತದೆ.

೫

ಇಲ್ಲಿ ಭಾಷೆಯ ಮಾತು ಬರುತ್ತದೆ. ನಮ್ಮವರು ‘ಖಿನ್ನತೆ’ ಎಂದು ಹೇಳಿಕೊಂಡು ವೈದ್ಯರ ಬಳಿಗೆ ಹೋಗುವುದಿಲ್ಲ. “ಎದೆ ಭಾರವಾಗಿದೆ”, “ತಲೆ ಬಿಸಿ”, “ಹೊಟ್ಟೆಯಲ್ಲಿ ಏನೋ ಸಂಕಟ”, “ಯಾಕೋ ಬೇಜಾರು” ಎನ್ನುತ್ತಾರೆ. ಈ ‘ಬೇಜಾರು’ ಪಾರಸಿಯಿಂದ ಬಂದು ನಮ್ಮ ಮನೆಯವನೇ ಆದ ಶಬ್ದ. ಮಳೆ ಬಂದು ಆಟ ನಿಂತಾಗಲೂ ಬೇಜಾರು, ಬದುಕೇ ಬೇಡವಾದಾಗಲೂ ಬೇಜಾರು. ಎರಡಕ್ಕೂ ನಡುವೆ ಇರುವ ಅಂತರವನ್ನು ದನಿಯಿಂದ ಅರಿಯಬೇಕೇ ಹೊರತು ಕೋಶದಿಂದಲ್ಲ. ಆ ದನಿ ಅದೇ ಭಾಷೆಯಲ್ಲಿ ಬೆಳೆದ ಕಿವಿಗೆ ಬೇಗ ತಿಳಿಯುತ್ತದೆ.

ಮನಶ್ಶಾಸ್ತ್ರವನ್ನು ಕನ್ನಡದ ಕಿವಿಗೆ ತಲುಪಿಸಿದ ಹಿರಿಯರನ್ನು ಇಲ್ಲಿ ಸ್ಮರಿಸುವುದು ಉಚಿತ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ‘ಆಕಾಶವಾಣಿ’ಯನ್ನು ಆರಂಭಿಸಿದವರು. ಮನಸ್ಸನ್ನು ಓದುವವರಿಗೆ ಧ್ವನಿಯ ಬೆಲೆ ತಿಳಿದಿದ್ದುದು ಆಕಸ್ಮಿಕವಿರಲಾರದು. 1942ರಲ್ಲಿ ‘ಕೊರವಂಜಿ’ಯನ್ನು ಹೊರಡಿಸಿ ನಾಡನ್ನು ನಗಿಸಿದ ‘ರಾಶಿ’, ಅಂದರೆ ಡಾಕ್ಟರ್ ಎಂ. ಶಿವರಾಂ, ವೃತ್ತಿಯಿಂದ ವೈದ್ಯರು. ಮನಸ್ಸಿನ ವಿಕಾರಗಳನ್ನು ಕುರಿತ ಅವರ ‘ಮನಮಂಥನ’ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ನಿಮ್ಹಾನ್ಸ್‌ನಲ್ಲಿದ್ದ ಡಾಕ್ಟರ್ ಸಿ. ಆರ್. ಚಂದ್ರಶೇಖರ್ ಅವರು ಇದೇ ಕೆಲಸವನ್ನು ನೂರಾರು ಸಣ್ಣ ಪುಸ್ತಕಗಳಲ್ಲಿ ಮುಂದುವರಿಸಿದರು. ಬಸ್ ನಿಲ್ದಾಣದ ಅಂಗಡಿಯಲ್ಲಿ ಕೊಂಡು ಓದಬಹುದಾದ ಇಂಥ ಪುಸ್ತಕಗಳು ಎಷ್ಟು ಮಂದಿಯ ಸಂಕೋಚವನ್ನು ಕಳೆದಿರಬಹುದೆಂದು ಲೆಕ್ಕ ಹಾಕಿದವರಿಲ್ಲ.

೬

ಇನ್ನು ಈಚಿನ ಸಂಗತಿ. 1951ರಲ್ಲಿ ಸುಮಾರು ಎಂಟು ಲಕ್ಷ ಜನರಿದ್ದ ಬೆಂಗಳೂರು 2011ರ ಜನಗಣತಿಯಲ್ಲಿ 84 ಲಕ್ಷವನ್ನು ದಾಟಿತು. ಸಾರ್ವಜನಿಕ ಕಾರ್ಖಾನೆಗಳ ಕಾಲದಲ್ಲಿ ಬಂದ ತರುಣನಿಗೆ ವಸತಿಗೃಹ, ಕಾರ್ಮಿಕ ಸಂಘ, ನಾಟಕ ಮಂಡಲಿ ಇವು ಸಿಕ್ಕುತ್ತಿದ್ದವು. ಗಣಕಯಂತ್ರದ ಕಾಲದಲ್ಲಿ ಬಂದವನಿಗೆ ಸಿಕ್ಕುವುದು ‘ಪಿ.ಜಿ.’ ಎಂಬ ಬಾಡಿಗೆ ಕೋಣೆ. ಅದರಲ್ಲಿ ಮೂರು ಮಂಚ. ಮೂವರ ಕೆಲಸದ ವೇಳೆಯೂ ಬೇರೆ ಬೇರೆ. ಒಂದೇ ಕೋಣೆಯಲ್ಲಿ ಆರು ತಿಂಗಳಿದ್ದೂ ಒಬ್ಬರ ಊರು ಇನ್ನೊಬ್ಬರಿಗೆ ತಿಳಿಯದಿರುವುದುಂಟು.

2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಈ ವಿಷಯದಲ್ಲಿ ನಮಗಿರುವ ಮುಖ್ಯ ಆಧಾರ. 13ರಿಂದ 17 ವರ್ಷದ ಮಕ್ಕಳಲ್ಲಿ ಮಾನಸಿಕ ತೊಂದರೆಯುಳ್ಳವರು ಶೇಕಡಾ 7.3; ಹಳ್ಳಿಗಳಲ್ಲಿ ಇದು ಶೇಕಡಾ 6.9, ಮಹಾನಗರಗಳಲ್ಲಿ ಶೇಕಡಾ 13.5. ಅಂದರೆ ಸುಮಾರು ಎರಡರಷ್ಟು. ಚಿಕಿತ್ಸೆ ಬೇಕಾದವರಲ್ಲಿ ಅದನ್ನು ಪಡೆಯದೆ ಉಳಿದವರ ಪ್ರಮಾಣ ಬಹುತೇಕ ವ್ಯಾಧಿಗಳಲ್ಲಿ ಶೇಕಡಾ 70ನ್ನು ಮೀರಿತ್ತು. ರಾಷ್ಟ್ರೀಯ ಅಪರಾಧ ದಾಖಲೆ ಕಚೇರಿಯ ವರದಿಯಂತೆ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ 1,70,924 ಮಂದಿಯಲ್ಲಿ ವಿದ್ಯಾರ್ಥಿಗಳೇ 13,044. ಈ ಅಂಕಿಗಳ ಹಿಂದೆ 13,044 ಮನೆಗಳಿವೆ.

ರಾಜಸ್ಥಾನದ ಕೋಟಾ ನಗರದ ಕಥೆ ಇದಕ್ಕೆ ನಿದರ್ಶನ. ಅಲ್ಲಿ ಕೃತಕ ನೂಲಿನ ಕಾರ್ಖಾನೆಯೊಂದರಲ್ಲಿದ್ದ ಇಂಜಿನಿಯರ್ ವಿ. ಕೆ. ಬನ್ಸಲ್, ಸ್ನಾಯುಕ್ಷಯದಿಂದ ಗಾಲಿಕುರ್ಚಿಗೆ ಸೇರಿದ ಮೇಲೂ ಎದೆಗುಂದದೆ ಮನೆಯಲ್ಲಿ ಕೆಲವು ಮಕ್ಕಳಿಗೆ ಗಣಿತ ಹೇಳಿಕೊಡಲು ತೊಡಗಿದರು. ಒಬ್ಬ ಮೇಷ್ಟರ ಮೇಜಿನ ಸುತ್ತ ಮೊದಲಾದುದು ಎರಡು ಮೂರು ದಶಕಗಳಲ್ಲಿ ಲಕ್ಷಾಂತರ ವಿದ್ಯಾರ್ಥಿಗಳ ಉದ್ಯಮವಾಯಿತು. ಮೇಜು ಚಿಕ್ಕದಾಗಿದ್ದಾಗ ಮೇಷ್ಟರಿಗೆ ಪ್ರತಿಯೊಬ್ಬನ ಮುಖವೂ ಕಾಣುತ್ತಿತ್ತು. ಸಭಾಂಗಣವಾದಾಗ ಅಂಕಪಟ್ಟಿ ಮಾತ್ರ ಕಂಡಿತು. 2023ರ ಒಂದೇ ವರ್ಷದಲ್ಲಿ ಆ ಊರಿನಲ್ಲಿ 20ಕ್ಕೂ ಹೆಚ್ಚು ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು.

ಕಾನೂನು ನಿಧಾನವಾಗಿಯಾದರೂ ಮೃದುವಾಗಿದೆ. ಸಾಯಲೆತ್ನಿಸಿದವನನ್ನು ಅಪರಾಧಿಯೆಂದು ಶಿಕ್ಷಿಸುವ ವಿಧಿ ಇಂಗ್ಲಿಷರ ಕಾಲದ್ದು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ, ಅಂಥವನು ತೀವ್ರ ಮನೋವೇದನೆಯಲ್ಲಿದ್ದನೆಂದೇ ಭಾವಿಸಿ ಶುಶ್ರೂಷೆ ಕೊಡತಕ್ಕದ್ದೆಂದು ವಿಧಿಸಿತು. 2024ರ ಜುಲೈಯಲ್ಲಿ ಹೊಸ ನ್ಯಾಯ ಸಂಹಿತೆ ಜಾರಿಗೆ ಬಂದಾಗ ಆ ಹಳೆಯ ವಿಧಿಯೇ ಬಿದ್ದುಹೋಯಿತು. 2025ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು, ನೂರಕ್ಕೆ ಕಡಿಮೆಯಿಲ್ಲದಷ್ಟು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಒಬ್ಬ ಸಮಾಲೋಚಕರಾದರೂ ಇರಬೇಕೆಂದು ನಿರ್ದೇಶಿಸಿತು.

೭

ಶುಶ್ರೂಷೆಯೆಂದರೆ ಔಷಧವೊಂದೇ ಅಲ್ಲ ಎಂಬುದಕ್ಕೂ ಒಂದು ಚರಿತ್ರೆಯಿದೆ. 1953ರಲ್ಲಿ ಲಂಡನ್ ನಗರದ ಪಾದ್ರಿ ಚಾಡ್ ವಾರಾ, ಸಾಯಬೇಕೆನ್ನುವವರು ತನಗೆ ದೂರವಾಣಿ ಮಾಡಬಹುದೆಂದು ಸಾರಿದನು. ಬಂದವರು ತುಂಬಾ ಮಂದಿ. ಕಾದು ಕುಳಿತವರಿಗೆ ಚಹಾ ಕೊಟ್ಟು ಮಾತನಾಡಿಸಲು ಕೆಲವು ಸ್ವಯಂಸೇವಕರು ನಿಂತರು. ಕೆಲವು ದಿನಗಳಲ್ಲಿಯೇ ಒಂದು ವಿಚಿತ್ರ ಕಂಡಿತು: ಅವರೊಡನೆ ಮಾತನಾಡಿದ ಎಷ್ಟೋ ಮಂದಿ ಪಾದ್ರಿಯನ್ನು ಕಾಣದೆಯೇ ಸಮಾಧಾನಗೊಂಡು ಹಿಂತಿರುಗುತ್ತಿದ್ದರು. ಉಪದೇಶಕ್ಕಿಂತ ಕೇಳುವ ಕಿವಿ ಹೆಚ್ಚು ಕೆಲಸ ಮಾಡಿತ್ತು. ಚೆನ್ನೈಯಲ್ಲಿ ಡಾಕ್ಟರ್ ಲಕ್ಷ್ಮಿ ವಿಜಯಕುಮಾರ್ ಅವರು 1986ರಲ್ಲಿ ‘ಸ್ನೇಹಾ’ ಸಂಸ್ಥೆಯನ್ನು ಸ್ಥಾಪಿಸಿದುದು ಇದೇ ಮಾರ್ಗದಲ್ಲಿ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ‘ಟೆಲಿ ಮಾನಸ್’ ಎಂಬ ಉಚಿತ ದೂರವಾಣಿ ಸೇವೆಗೆ ನಿಮ್ಹಾನ್ಸ್ ಕೇಂದ್ರಸ್ಥಾನ. 14416 ಎಂಬ ಅದರ ಸಂಖ್ಯೆಗೆ ಹಗಲು ರಾತ್ರಿ ಯಾವ ಹೊತ್ತಿನಲ್ಲಿಯೂ ಕರೆ ಮಾಡಬಹುದು. ಉತ್ತರ ಕೊಡುವ ಭಾಷೆಗಳಲ್ಲಿ ಕನ್ನಡವೂ ಒಂದು. ಗಡಿನಾಡಿನ ನಮಗೆ ಇದು ಸಣ್ಣ ವಿಷಯವಲ್ಲ.

ಏಕೆಂದರೆ ನಮ್ಮ ಮಕ್ಕಳ ಭಾರ ಇಮ್ಮಡಿ. 1953, 1956, 1960ರಲ್ಲಿ ಎಳೆದ ಗೆರೆಗಳ ಈಚೆ ಬೆಳೆದ ಹುಡುಗಿ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ ಅಥವಾ ತಮಿಳು ಅಥವಾ ಮರಾಠಿ ಅಥವಾ ತೆಲುಗು, ಕಾಲೇಜಿನಲ್ಲಿ ಇಂಗ್ಲಿಷು—ಹೀಗೆ ಮೂರು ಲೋಕಗಳನ್ನು ಹೊತ್ತುಕೊಂಡು ಮಹಾನಗರಕ್ಕೆ ಹೋಗುತ್ತಾಳೆ. ಕೊಚ್ಚಿಯಲ್ಲೊ ಪುಣೆಯಲ್ಲೊ ಅವಳು ಕನ್ನಡದವಳು. ಬೆಂಗಳೂರಿನಲ್ಲಿ ಅವಳ ಕಾಗದಪತ್ರಗಳನ್ನು ನೋಡಿದವರಿಗೆ ಹೊರರಾಜ್ಯದವಳು. ತನ್ನದೆಂದು ನಂಬಿ ಹೋದ ಊರಿನಲ್ಲಿಯೇ “ನಿಮ್ಮ ಕನ್ನಡ ಬೇರೆ ತರಹ ಇದೆಯಲ್ಲ” ಎಂಬ ಮಾತು ಕೇಳಿದಾಗ ಆಗುವ ನೋವನ್ನು ಅನುಭವಿಸಿದವರೇ ಬಲ್ಲರು. ಅದು ರೋಗವಲ್ಲ, ಆದರೆ ರೋಗಕ್ಕೆ ನೆಲ ಹದ ಮಾಡಬಲ್ಲುದು.

ಹಾಗಾದರೆ ಕನ್ನಡ ಸಂಘಗಳ ಕರ್ತವ್ಯವೇನು? ಹಳೆಯ ವಾರಾನ್ನವನ್ನು ಮರಳಿ ತರಲಾಗದು. ಅದರ ಜಾತಿಯ ಹೊಸ್ತಿಲನ್ನು ತರಲೂಬಾರದು. ಅದರ ಗುಣವನ್ನು ತರಬಹುದು. ಈ ವರ್ಷ ನಮ್ಮ ಊರಿನಿಂದ ಯಾರು ಯಾರು ಯಾವ ನಗರಕ್ಕೆ ಹೋದರೆಂಬ ಒಂದು ಪಟ್ಟಿ ಸಂಘದಲ್ಲಿರಲಿ. ಆಯಾ ನಗರದಲ್ಲಿ ನೆಲೆಸಿರುವ ನಮ್ಮವರಲ್ಲಿ ಒಬ್ಬೊಬ್ಬರು ಇಬ್ಬರು ಮೂವರ ಹೊಣೆ ಹೊರಲಿ. ತಿಂಗಳಿಗೊಂದು ಭಾನುವಾರ ಊಟಕ್ಕೆ ಕರೆಯಲಿ. ಬಾರದವನಿಗೆ, ಏಕೆ ಬರಲಿಲ್ಲವೆಂದು ಕೇಳಲಿ. ಕೇಳಿದ ಮೇಲೆ ಉಪದೇಶಕ್ಕೆ ಹೊರಡದೆ ಅವನು ಹೇಳುವುದನ್ನು ಕೊನೆಯವರೆಗೆ ಆಲಿಸಲಿ. ಎರಡು ವಾರ ಮೀರಿ ನಿದ್ರೆ ಆಹಾರ ಬಿಟ್ಟವನನ್ನು, ಸಾವಿನ ಮಾತು ಆಡುವವನನ್ನು, ತಡಮಾಡದೆ ವೈದ್ಯರ ಬಳಿಗೆ ಜೊತೆಯಲ್ಲಿ ಕರೆದೊಯ್ಯಲಿ. ಗಾಳಿ, ಗ್ರಹ, ಸೋಮಾರಿತನ ಎಂದು ಹೇಳಿ ಕಾಲ ಕಳೆಯದಿರಲಿ. ತಂದೆತಾಯಿಗಳೂ ದೂರವಾಣಿಯಲ್ಲಿ ಅಂಕಗಳನ್ನು ವಿಚಾರಿಸುವ ಮುನ್ನ ಊಟ ನಿದ್ರೆಗಳನ್ನು ವಿಚಾರಿಸಲಿ. ಪರೀಕ್ಷೆಯಲ್ಲಿ ತಪ್ಪಿದವನಿಗೆ ಮನೆಯ ಬಾಗಿಲು ಎಂದಿನಂತೆ ತೆರೆದೇ ಇದೆಯೆಂಬುದನ್ನು, ಅವನು ಹೊರಡುವ ದಿನವೇ ಬಾಯಿಬಿಟ್ಟು ಹೇಳಲಿ.

ಇದಾವುದಕ್ಕೂ ಹಣ ಬೇಕಾಗಿಲ್ಲ. ಈ ಜೂನ್ ತಿಂಗಳಲ್ಲಿ ಹೊರಡುವವರ ಹೆಸರುಗಳನ್ನು ಬರೆದುಕೊಳ್ಳಲು ಒಂದು ನೋಟ್ ಪುಸ್ತಕ ಸಾಕು. ಪ್ರತಿಯೊಂದು ಸಂಘವೂ ಅದನ್ನು ಇಂದೇ ತೆರೆಯಲೆಂದು ಪ್ರಾರ್ಥನೆ.